ಕೊಡಚಾದ್ರಿಯ ‘ಸಂಜೀವಿನಿ’: ಚಾರಣದಲ್ಲಿ ಕಂಡ ಗಿಡವನ್ನು ಫಾರ್ವರ್ಡ್ ನೋಡಿ ಗುರುತಿಸಬಹುದೇ?

ಮಳೆ ಬಿಟ್ಟು ಚಾರಣದ ಕಾಲ ಶುರುವಾದರೆ ಒಂದು ಬಗೆಯ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿರುಗಾಡತೊಡಗುತ್ತದೆ. ಒಂದು ಗಿಡದ ಫೋಟೊ, ಅದರ ಕೆಳಗೆ ‘ಮಲೆನಾಡಿನ ಬೆಟ್ಟದ ತುದಿಯಲ್ಲಿ ಮಾತ್ರ ಸಿಗುವ ಸಂಜೀವಿನಿ’ ಎಂಬ ತಲೆಬರಹ, ಆಮೇಲೆ ಸಕ್ಕರೆ ಕಾಯಿಲೆಯಿಂದ ಹಿಡಿದು ಕ್ಯಾನ್ಸರ್‌ವರೆಗೆ ಅದು ವಾಸಿ ಮಾಡುವ ರೋಗಗಳ ಪಟ್ಟಿ. ಕೊನೆಗೆ ‘ಚಾರಣಕ್ಕೆ ಹೋದವರು ತಪ್ಪದೆ ತನ್ನಿ, ನಿಮ್ಮವರಿಗೆಲ್ಲ ಕಳಿಸಿ’ ಎಂಬ ಒಕ್ಕಣೆ. ನಿಮ್ಮ ಫೋನಿಗೂ ಇಂಥದ್ದೊಂದು ಬಂದಿರಬಹುದು.

ಇದನ್ನು ನಂಬಿ ಗಿಡ ಕಿತ್ತು ತರಬಹುದೇ? ಬೇಡ. ಹಾಗೆಂದು ಬೆಟ್ಟದಲ್ಲಿ ಮದ್ದಿನ ಗಿಡಗಳೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಹೊಸನಗರ ತಾಲ್ಲೂಕಿನ ಕೊಡಚಾದ್ರಿ, ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿ, ಕವಲೇದುರ್ಗ, ಆಗುಂಬೆ, ಸಾಗರದ ಶರಾವತಿ ಕಣಿವೆ, ಇವೆಲ್ಲ ಔಷಧಿ ಸಸ್ಯಗಳಿಗೆ ಹೆಸರಾದ ಜಾಗಗಳೇ. ಆಗುಂಬೆಯಲ್ಲಂತೂ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶವೇ ಇದೆ. ತೊಡಕಿರುವುದು ಗುರುತಿಸುವುದರಲ್ಲಿ. ಒಂದು ಹೆಸರು ಮತ್ತು ಒಂದು ಫೋಟೊ ಸೇರಿದರೆ ಗಿಡದ ಗುರುತು ಸಿಕ್ಕಂತಾಗುವುದಿಲ್ಲ. ಈ ತಪ್ಪಿಗೆ ಎಷ್ಟೋ ಜನ ತಮ್ಮ ಮೂತ್ರಪಿಂಡವನ್ನೋ ಪ್ರಾಣವನ್ನೋ ತೆತ್ತಿದ್ದಾರೆ.

ಬೆಟ್ಟದ ಹೆಸರಲ್ಲೇ ಒಂದು ಗಿಡ

ಕೊಡಚಾದ್ರಿಯ ಎತ್ತರ 1343 ಮೀಟರ್. ಕುಟಜ ಎಂಬ ಗಿಡ ಬೆಳೆಯುವ ಬೆಟ್ಟ, ಅಂದರೆ ‘ಕುಟಜಾದ್ರಿ’ಯೇ ಜನರ ಬಾಯಲ್ಲಿ ಕೊಡಚಾದ್ರಿ ಆಯಿತು ಎನ್ನುವುದು ಎಲ್ಲರೂ ಒಪ್ಪಿಕೊಂಡು ಬಂದ ವಿವರಣೆ. ಈ ಕುಟಜವೇ ನಮ್ಮ ಕೊಡಸಿಗ. ಆಯುರ್ವೇದದಲ್ಲಿ ಆಮಶಂಕೆ, ಭೇದಿಗೆ ಬಳಸುವ ಕುಟಜಾರಿಷ್ಟ ತಯಾರಾಗುವುದು ಇದರ ತೊಗಟೆಯಿಂದ. ಮಲೆನಾಡಿನ ಮನೆಗಳಲ್ಲಿ ಇದರ ಹೂವನ್ನು ಒಣಗಿಸಿಟ್ಟು ತಂಬುಳಿ, ಗೊಜ್ಜು ಮಾಡುತ್ತಾರೆ. ತುಸು ಕಹಿ, ಆದರೆ ಮಳೆಗಾಲದ ಊಟಕ್ಕೆ ಹೊಂದುತ್ತದೆ.

ಇಷ್ಟು ಪರಿಚಿತ ಗಿಡವನ್ನು ಗುರುತಿಸುವುದು ಸುಲಭವಲ್ಲವೇ? ಅದರ ಹೂವಿನ ತಂಬುಳಿ ಉಂಡು ಬೆಳೆದವರಿಗೆ ಸುಲಭ. ಫೋಟೊ ನೋಡಿ ಹುಡುಕಲು ಹೊರಟವರಿಗೆ ಅಲ್ಲ. ಬೆಪ್ಪಾಲೆ ಎಂಬ ಇನ್ನೊಂದು ಸಣ್ಣ ಮರವಿದೆ. ಅದರಲ್ಲೂ ಎಲೆಗಳು ಎದುರುಬದುರಾಗಿರುತ್ತವೆ, ಮುರಿದರೆ ಬಿಳಿ ಹಾಲು ಬರುತ್ತದೆ, ಬೇಸಿಗೆಯಲ್ಲಿ ಬಿಳಿ ಹೂ ಬಿಡುತ್ತದೆ, ಜೋಡಿ ಕೋಡುಗಳು ನೇತಾಡುತ್ತವೆ. ಎರಡೂ ಕಣಗಿಲೆಯ ಕುಟುಂಬಕ್ಕೆ ಸೇರಿದವು. ಔಷಧಿ ವ್ಯಾಪಾರದಲ್ಲೂ ಕೊಡಸಿಗದ ಹೆಸರಲ್ಲಿ ಬೆಪ್ಪಾಲೆಯ ಬಂಧುಗಳ ತೊಗಟೆ, ಬೀಜ ಮಾರಾಟವಾಗುವುದು ಹಳೆಯ ದೂರು.

ವ್ಯತ್ಯಾಸ ಕಾಣಬೇಕಾದರೆ ಹೂವಿನ ಒಳಗೆ ನೋಡಬೇಕು. ಕೊಡಸಿಗದ ಹೂವಿನ ನಡುವೆ ಏನೂ ಇರುವುದಿಲ್ಲ, ಬರೀ ಒಂದು ಸಣ್ಣ ತೂತು ಕಾಣುತ್ತದೆ, ಕೇಸರಗಳು ಕೊಳವೆಯೊಳಗೆ ಅಡಗಿರುತ್ತವೆ. ಬೆಪ್ಪಾಲೆಯ ಹೂವಿನ ನಡುವೆ ಹತ್ತಿಯ ನೂಲಿನಂಥ ಬಿಳಿ ಕುಚ್ಚು ಇರುತ್ತದೆ, ಅದರ ಮಧ್ಯದಿಂದ ಕೇಸರಗಳು ಮೊನಚಾಗಿ ಹೊರಗೆ ಚಾಚಿರುತ್ತವೆ. ಕಾಯಿ ಬಿಟ್ಟಾಗ ಇನ್ನೂ ಸಲೀಸು. ಕೊಡಸಿಗದ ಎರಡು ಕೋಡುಗಳು ತೆಳ್ಳಗೆ, ಬಿಳಿ ಚುಕ್ಕೆಗಳೊಂದಿಗೆ, ಬೇರೆ ಬೇರೆಯಾಗಿಯೇ ಜೋತಾಡುತ್ತವೆ. ಬೆಪ್ಪಾಲೆಯ ಎರಡು ಕೋಡುಗಳ ತುದಿಗಳು ಬಲಿಯುವ ತನಕ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಇಕ್ಕಳದ ಹಾಗೆ. ಹೂವೂ ಇಲ್ಲದ, ಕಾಯಿಯೂ ಇಲ್ಲದ ಕಾಲದಲ್ಲಿ ತೆಗೆದ ಎಲೆಯ ಫೋಟೊದಲ್ಲಿ ಇದ್ಯಾವುದೂ ಇರುವುದಿಲ್ಲ. ಫಾರ್ವರ್ಡ್‌ಗಳಲ್ಲಿ ಬರುವುದು ಹೆಚ್ಚಾಗಿ ಅಂಥ ಫೋಟೊಗಳೇ.

ಇನ್ನೊಂದು ಮಾತು: ಕೊಡಸಿಗ ಬೆಳೆಯುವುದು ಬೆಟ್ಟದ ಕೆಳಗಿನ ಇಳಿಜಾರು, ಬೇಣ, ರಸ್ತೆಯ ಅಂಚುಗಳಲ್ಲಿ. ಗಾಳಿ ಬೀಸುವ ತುದಿಯ ಹುಲ್ಲುಗಾವಲಲ್ಲಿ ಅದನ್ನು ಹುಡುಕಿದರೆ ಸಿಗುವುದು ಬೇರೇನೋ. ಮದ್ದಿನ ಗಿಡ ಎಂದರೆ ಎತ್ತರದಲ್ಲೇ ಇರಬೇಕು ಎಂಬ ಕಲ್ಪನೆಗೆ ರಾಮಾಯಣದ ದ್ರೋಣಗಿರಿ ಕಾರಣವಿರಬೇಕು.

ಹಾಗಾದರೆ ಸಂಜೀವಿನಿ ಯಾವುದು?

ಹನುಮಂತ ಹೊತ್ತೊಯ್ಯುವಾಗ ಉದುರಿದ ತುಂಡು ಎಂಬ ಕತೆ ಕೊಡಚಾದ್ರಿಗೂ ಇದೆ, ದಕ್ಷಿಣದ ಬೇರೆ ಎಷ್ಟೋ ಬೆಟ್ಟಗಳಿಗೂ ಇದೆ. ಸಂಜೀವಿನಿ ಯಾವ ಗಿಡವಿರಬಹುದು ಎಂದು ವಿಜ್ಞಾನಿಗಳೂ ಕುತೂಹಲದಿಂದ ಹುಡುಕಿದ್ದಾರೆ. ಕನ್ನಡದ ಓದುಗರಿಗೆ ಕಾದಂಬರಿಕಾರರಾಗಿ ಗೊತ್ತಿರುವ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ, ಶಿರಸಿಯ ಅರಣ್ಯ ಕಾಲೇಜಿನ ಆರ್. ವಾಸುದೇವ ಮತ್ತು ಆರ್. ಉಮಾಶಂಕರ್ ಸೇರಿ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಭಾರತದ ಭಾಷೆಗಳಲ್ಲಿ ಸಂಜೀವಿನಿ ಅಥವಾ ಅದೇ ಅರ್ಥದ ಹೆಸರು ಯಾವ ಯಾವ ಸಸ್ಯಕ್ಕಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಒಂದಲ್ಲ, ಹಲವು. ಅವುಗಳಲ್ಲಿ ಒಂದು, ಒಣಗಿ ಮುದುಡಿದ್ದು ನೀರು ಬಿದ್ದರೆ ಮತ್ತೆ ಹಸಿರಾಗಿ ಬಿಚ್ಚಿಕೊಳ್ಳುವ ಸೆಲಾಜಿನೆಲ್ಲಾ. ಮತ್ತೊಂದು, ನಮ್ಮ ಸೀತಾಳೆಯ ಹಾಗೆ ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್. ಇಂಥದ್ದೇ ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಸಸ್ಯವಿಲ್ಲ. ಹೀಗಿರುವಾಗ ಫೋಟೊದ ಕೆಳಗೆ ‘ಸಂಜೀವಿನಿ’ ಎಂದು ಬರೆದರೆ ಅದು ಹೆಸರೂ ಅಲ್ಲ, ಬರೀ ಹೊಗಳಿಕೆ.

ಒಂದು ಹೆಸರಿಗೆ ಎರಡು ಗಿಡ ಇರುವುದು ನಮ್ಮಲ್ಲಿ ಮಾಮೂಲು. ಬ್ರಾಹ್ಮಿ ಎಂದು ಕೆಲವರು ಒಂದೆಲಗವನ್ನು ಕರೆಯುತ್ತಾರೆ, ಇನ್ನು ಕೆಲವರು ನೀರು ಬ್ರಾಹ್ಮಿಯನ್ನು. ಮೊದಲನೆಯದರ ಎಲೆ ಗುಂಡಗೆ, ಅಂಚು ಹಲ್ಲುಹಲ್ಲಾಗಿ, ಒಂದೊಂದು ತೊಟ್ಟಿಗೆ ಒಂದೊಂದೇ ಇರುತ್ತದೆ. ಎರಡನೆಯದರದ್ದು ಪುಟ್ಟ, ದಪ್ಪ, ಚಮಚದಂಥ ಎಲೆ. ಪೇಟೆಯ ರಸ್ತೆ ಬದಿಯಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರಕ್ಕೂ ಅಶೋಕ ಎನ್ನುತ್ತೇವೆ. ಆದರೆ ಅಶೋಕಾರಿಷ್ಟದ ಅಶೋಕ ಘಟ್ಟದ ಹಳ್ಳಗಳ ಬದಿಯಲ್ಲಿ ಕಿತ್ತಳೆ ಕೆಂಪು ಗೊಂಚಲು ಬಿಡುವ ಬೇರೆಯದೇ ಮರ. ಈ ಎರಡು ಗೊಂದಲಗಳಲ್ಲಿ ಹೆಚ್ಚೆಂದರೆ ಔಷಧಿ ಕೆಲಸ ಮಾಡದೇ ಹೋದೀತು. ಎಲ್ಲ ಗೊಂದಲಗಳೂ ಅಷ್ಟಕ್ಕೇ ಮುಗಿಯುವುದಿಲ್ಲ.

ಆಗುಂಬೆ ಘಾಟಿ ಇಳಿದು ಕರಾವಳಿಗೆ ಬಂದರೆ ಆಟಿ ಅಮಾವಾಸ್ಯೆಯಂದು ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ಸಂಪ್ರದಾಯವಿದೆ. ಬೆಳಕು ಹರಿಯುವ ಮೊದಲೇ ಹೋಗಿ, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಕೆತ್ತಿ ತೊಗಟೆ ತರಬೇಕು ಎನ್ನುತ್ತಾರೆ. ಕತ್ತಲಲ್ಲಿ ಪಾಲೆಯ ಬದಲು ಕಾಸರಕದ ತೊಗಟೆ ಬಂದರೆ? ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ, ಮೈಯ ಸ್ನಾಯುಗಳನ್ನು ಸೆಟೆಸಿ ಉಸಿರು ನಿಲ್ಲಿಸುತ್ತದೆ. ಅದಕ್ಕೇ ಹಿಂದಿನ ದಿನ ಹಗಲಿನಲ್ಲೇ ಮರವನ್ನು ನೋಡಿ ಗುರುತು ಮಾಡಿ ಬರುವ ಮನೆಗಳಿವೆ. ಪಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ನಾಲ್ಕರಿಂದ ಏಳು, ಹೂವಿನ ದಳಗಳಂತೆ ಹರಡಿರುತ್ತವೆ, ಗಾಯ ಮಾಡಿದರೆ ಹಾಲು ಸುರಿಯುತ್ತದೆ. ಕಾಸರಕದ ಎಲೆಗಳು ಎರಡೆರಡೇ, ಹೊಳಪಾಗಿ, ಬುಡದಿಂದಲೇ ಹೊರಟ ಮೂರೋ ಐದೋ ನರಗಳೊಂದಿಗೆ ಇರುತ್ತವೆ. ಅದಕ್ಕೆ ಹಾಲಿಲ್ಲ. ಹಳ್ಳಿಯ ಅನುಭವ ಎಂದರೆ ಇದು: ಹೆಸರಿಗಿಂತ ಮೊದಲು ಮರವನ್ನು ಹಗಲಲ್ಲಿ, ಹತ್ತಿರದಿಂದ, ಮುಟ್ಟಿ ನೋಡುವುದು. ಫಾರ್ವರ್ಡ್ ಬಿಟ್ಟುಬಿಡುವುದು ಈ ಭಾಗವನ್ನೇ.

ಒಂದು ಹೆಸರು ತಪ್ಪಿದ್ದಕ್ಕೆ ನೂರಕ್ಕೂ ಹೆಚ್ಚು ಜನ

ಇದು ಅಕ್ಷರ ಬಾರದವರ, ಕಾಡಿನ ಜನರ ತೊಂದರೆ ಎಂದುಕೊಳ್ಳಬೇಡಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಿಕೊಳ್ಳಲು ಮಾತ್ರೆ ನುಂಗಿದ ಮಹಿಳೆಯರ ಮೂತ್ರಪಿಂಡಗಳು ಒಂದರ ಹಿಂದೆ ಒಂದರಂತೆ ಕೆಡತೊಡಗಿದವು. ಆ ಮಾತ್ರೆಯಲ್ಲಿ ‘ಹಾನ್ ಫಾಂಗ್ ಜಿ’ ಎಂಬ ಚೀನಾದ ಗಿಡಮೂಲಿಕೆ ಇರಬೇಕಿತ್ತು. ಅದರ ಬದಲು ‘ಗುವಾಂಗ್ ಫಾಂಗ್ ಜಿ’ ಬಂದು ಸೇರಿತ್ತು. ಹೆಸರು ಹೆಚ್ಚುಕಡಿಮೆ ಒಂದೇ, ಗಿಡ ಬೇರೆ. ಎರಡನೆಯದು ಅರಿಸ್ಟೊಲೋಕಿಯಾ ಕುಲದ ಬಳ್ಳಿ. ನೂರಕ್ಕೂ ಹೆಚ್ಚು ಜನ ತೊಂದರೆಗೆ ಸಿಕ್ಕರು, ಬಹಳಷ್ಟು ಮಂದಿಗೆ ಡಯಾಲಿಸಿಸ್ ಇಲ್ಲವೇ ಮೂತ್ರಪಿಂಡದ ಕಸಿ ಬೇಕಾಯಿತು. ಅವರಲ್ಲಿ ಕೆಟ್ಟ ಮೂತ್ರಪಿಂಡಗಳನ್ನು ಮುನ್ನೆಚ್ಚರಿಕೆಯಾಗಿ ತೆಗೆಸಿಕೊಂಡ 39 ಮಂದಿಯನ್ನು ಪರೀಕ್ಷಿಸಿದಾಗ 18 ಮಂದಿಯ ಮೂತ್ರನಾಳದ ಭಾಗದಲ್ಲಿ ಕ್ಯಾನ್ಸರ್ ಸಿಕ್ಕಿತು. ಆ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ಒಳಗೊಂಡ ಸಸ್ಯಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂಬುದು ಖಚಿತವಾದ ಮೊದಲ ಗುಂಪಿನಲ್ಲಿ ಇಟ್ಟಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಬ್ರಸೆಲ್ಸ್‌ನ ಕತೆ ನಮಗೇಕೆ? ಅದೇ ಕುಲದ ಬಳ್ಳಿ ನಮ್ಮ ಘಟ್ಟದಲ್ಲೂ ಇದೆ, ಅದರ ಹೆಸರು ಈಶ್ವರಿ. ಈಶ್ವರಿ ಬೇರು ಇದ್ದಲ್ಲಿ ಹಾವು ಸುಳಿಯುವುದಿಲ್ಲ, ಅದನ್ನು ತೇದು ಕುಡಿಸಿದರೆ ಹಾವಿನ ವಿಷ ಇಳಿಯುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಹಳ ಹಳೆಯದು, ಈಗ ಅದು ಫೋನಿಗೂ ಬಂದಿದೆ. ನಮ್ಮ ಈಶ್ವರಿಯಲ್ಲೂ ಅರಿಸ್ಟೊಲೋಕಿಕ್ ಆಮ್ಲವಿದೆ. ಇಲ್ಲಿ ಗುರುತು ಸರಿಯಾಗಿದ್ದರೂ ಅಪಾಯ ತಪ್ಪಿದ್ದಲ್ಲ. ಮೂತ್ರಪಿಂಡ ಕೆಡುವುದು ನಿಧಾನಕ್ಕೆ, ನೋವಿಲ್ಲದೆ. ಕ್ಯಾನ್ಸರ್ ಬರುವುದು ವರ್ಷಗಳಾದ ಮೇಲೆ. ಹಾಗಾಗಿ ‘ನಮ್ಮಜ್ಜ ಕುಡಿದಿದ್ದ, ಏನೂ ಆಗಲಿಲ್ಲ’ ಎನ್ನುವ ಮಾತಿನಿಂದ ಏನೂ ತೀರ್ಮಾನವಾಗುವುದಿಲ್ಲ. ಇನ್ನು ಹಾವು ಕಚ್ಚಿದಾಗ ಬೇರು ತೇಯುತ್ತ ಕೂತರೆ ಕಳೆದುಹೋಗುವುದು ಆಸ್ಪತ್ರೆಗೆ ತಲುಪಬೇಕಾದ ಸಮಯ. ಹಾವಿನ ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಮಾತ್ರ.

ಈಶ್ವರಿ ಬಳ್ಳಿಯನ್ನು ಗುರುತಿಸುವುದು ಹೂವು ಕಾಯಿ ಇದ್ದರೆ ಸುಲಭ. ಬುಡದಲ್ಲಿ ಉಬ್ಬಿದ ಚೀಲ, ಅದರ ಮೇಲೆ ಕೊಳವೆ, ತುದಿಯಲ್ಲಿ ನಾಲಿಗೆಯಂತೆ ಚಾಚಿದ ಒಂದೇ ದಳ, ಇದು ಹೂವು. ಕಾಯಿ ಒಣಗಿ ಒಡೆದಾಗ ದಾರ ಕಟ್ಟಿದ ಪುಟ್ಟ ಬುಟ್ಟಿಯ ಹಾಗೆ ತಲೆಕೆಳಗಾಗಿ ತೂಗುತ್ತದೆ. ಕಂಡರೆ ಫೋಟೊ ತೆಗೆದುಕೊಳ್ಳಿ, ಕೀಳಬೇಡಿ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಕುಲದ ಬಳ್ಳಿಗಳ ಮೇಲೆ. ಅದರ ಹುಳು ಎಲೆ ತಿಂದು ಆ ವಿಷವನ್ನು ಮೈಯಲ್ಲಿ ತುಂಬಿಕೊಳ್ಳುತ್ತದೆ, ಹಕ್ಕಿಗಳು ಅದರ ತಂಟೆಗೆ ಬರುವುದಿಲ್ಲ. ಈ ವಿಷದಿಂದ ನಿಜವಾಗಿ ಲಾಭ ಪಡೆದದ್ದು ಆ ಚಿಟ್ಟೆಯೇ.

ಗೌರಿ ಹೂವಿನ ಗೆಡ್ಡೆ

ಮಳೆಗಾಲದಲ್ಲಿ ಬೇಲಿ, ಪೊದೆಗಳ ಮೇಲೆ ಹಬ್ಬಿ, ಬೆಂಕಿಯ ನಾಲಿಗೆಯಂತೆ ಹಳದಿ ಕೆಂಪು ದಳ ಮೇಲಕ್ಕೆತ್ತಿ ನಿಲ್ಲುವ ಗೌರಿ ಹೂ ಮಲೆನಾಡಿನವರಿಗೆ ಹೊಸದಲ್ಲ. ಗೌರಿ ಹಬ್ಬದ ಹೊತ್ತಿಗೇ ಅರಳುತ್ತದೆ. ಅಗ್ನಿಶಿಖೆ ಎಂಬ ಹೆಸರೂ ಇದೆ. ಹೂವಿದ್ದಾಗ ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮಳೆ ನಿಂತ ಮೇಲೆ ಬಳ್ಳಿ ಒಣಗಿಹೋಗುತ್ತದೆ, ಮಣ್ಣಿನಡಿ ಗೆಡ್ಡೆ ಉಳಿಯುತ್ತದೆ. ಕಾಡುಗೆಣಸು ಅಗೆಯುವವರಿಗೆ, ‘ಬೆಟ್ಟದ ಬೇರು’ ಹುಡುಕುವ ಚಾರಣಿಗರಿಗೆ ಆಗ ಅದು ಸಿಕ್ಕಿದರೆ ಗುರುತಿಗೆ ಏನೂ ಉಳಿದಿರುವುದಿಲ್ಲ. ಒಂದೇ ಸುಳಿವು ಗೆಡ್ಡೆಯ ಆಕಾರ. ಅದು ಹೆಚ್ಚಾಗಿ ನೇಗಿಲಿನ ಹಾಗೆ ಎರಡು ಕವಲಾಗಿ ಬಾಗಿರುತ್ತದೆ, ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಎನ್ನುವುದು ಅದಕ್ಕೇ. ಬಳ್ಳಿ ಹಸಿರಿದ್ದರೆ ಎಲೆಯ ತುದಿ ನೋಡಿ: ಗೌರಿ ಹೂವಿನ ಎಲೆ ತುದಿಯಲ್ಲಿ ಕುಡಿಯಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ಕಾಡುಗೆಣಸಿನ ಎಲೆಗೆ ಆ ಸುರುಳಿ ಇಲ್ಲ.

ಇದರಲ್ಲಿರುವ ಕಾಲ್ಚಿಸಿನ್ ಅನ್ನು ವೈದ್ಯರು ಗೌಟ್ ಎಂಬ ಕೀಲುನೋವಿಗೆ ಕೊಡುತ್ತಾರೆ, ಒಂದು ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ. ಗೆಡ್ಡೆ ತಿಂದವರಿಗೆ ಆ ಲೆಕ್ಕ ಸಿಗುವುದಿಲ್ಲ. ತಿಂದ ಕೆಲವು ಗಂಟೆಗಳ ಮೇಲೆ ವಾಂತಿ, ಭೇದಿ ಶುರುವಾಗುತ್ತದೆ. ‘ಊಟ ಕೆಟ್ಟಿತ್ತೇನೋ’ ಎಂದು ಸುಮ್ಮನಿದ್ದರೆ ಒಂದೆರಡು ದಿನದಲ್ಲಿ ರಕ್ತ ತಯಾರಾಗುವುದು ನಿಲ್ಲುತ್ತದೆ, ಮೂತ್ರಪಿಂಡ, ಹೃದಯ ಸೋಲುತ್ತವೆ. ಬದುಕಿ ಉಳಿದವರ ಕೂದಲು ಉದುರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಕೊಡುವ ಪ್ರತಿವಿಷವಿಲ್ಲ, ದೇಹವನ್ನು ಹಿಡಿದು ನಿಲ್ಲಿಸುವ ಚಿಕಿತ್ಸೆಯಷ್ಟೇ. ಶ್ರೀಲಂಕಾದಲ್ಲಿ ಇದನ್ನು ಗೆಣಸೆಂದು ಬೇಯಿಸಿ ತಿಂದು ಸತ್ತವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬೇಯಿಸಿದರೆ ವಿಷ ಹೋಗುತ್ತದೆ ಎಂದು ನಂಬಬೇಡಿ.

ಕ್ಯಾನ್ಸರ್‌ಗೆ ಕಾಡಿನ ಮರ: ಇದರಲ್ಲಿ ನಿಜ ಎಷ್ಟು?

ಸಾಗರ ತಾಲ್ಲೂಕಿನ ನರಸೀಪುರಕ್ಕೆ ಮರದ ಚಕ್ಕೆಯ ಔಷಧಿಗಾಗಿ ದೇಶದ ಮೂಲೆಮೂಲೆಗಳಿಂದ ಕ್ಯಾನ್ಸರ್ ರೋಗಿಗಳು ಬಂದು ಸಾಲು ನಿಲ್ಲುತ್ತಿದ್ದುದು ಎಲ್ಲರಿಗೂ ತಿಳಿದದ್ದೇ. ಅಲ್ಲಿನ ವೈದ್ಯ ನಾರಾಯಣಮೂರ್ತಿ 2020ರಲ್ಲಿ ತೀರಿಕೊಂಡರು. ನಾವಿಲ್ಲಿ ಮಾತಾಡುತ್ತಿರುವುದು ಅವರ ಔಷಧಿಯ ಬಗ್ಗೆ ಅಲ್ಲ, ‘ಆ ಚಕ್ಕೆ ಈ ಮರದ್ದೇ’ ಎಂದು ಯಾವುದೋ ಮರದ ಫೋಟೊ ಹಾಕಬಲ್ಲ ಸಂದೇಶಗಳ ಬಗ್ಗೆ. ಅಂಥ ಫೋಟೊ ಕಂಡರೆ ಯಾರು, ಯಾವ ಆಧಾರದ ಮೇಲೆ ಗುರುತಿಸಿದರು ಎಂದು ಕೇಳಿ. ಉತ್ತರ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಘಟ್ಟದ ಮರವೊಂದರಲ್ಲಿ ಕ್ಯಾನ್ಸರ್ ಔಷಧಿಯ ಮೂಲವಸ್ತು ಇರುವುದು ಮಾತ್ರ ಪೂರ್ತಿ ನಿಜ. ಅದು ದುರ್ವಾಸನೆ ಮರ. ಹೆಸರೇ ಹೇಳುವಂತೆ ಮೂಗಿಗೆ ಹಿತವಲ್ಲ. ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಚೀನಾದ ಒಂದು ಮರದಲ್ಲಿ ಕಂಡುಹಿಡಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದು ನಮ್ಮ ದುರ್ವಾಸನೆ ಮರದಲ್ಲಿಯೂ ಇದೆ ಎಂದು ತೋರಿಸಿದರು. ಕತೆ ಇಲ್ಲಿಗೇ ಮುಗಿದಿದ್ದರೆ ಫಾರ್ವರ್ಡ್ ಮಾಡುವವರು ಗೆದ್ದಂತೆ. ಆದರೆ 1970ರ ದಶಕದಲ್ಲಿ ಆ ವಸ್ತುವನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವ, ರಕ್ತಕಣಗಳ ಕುಸಿತ ಕಂಡು ಪ್ರಯೋಗವನ್ನೇ ಕೈಬಿಟ್ಟರು. ಅದರ ರಚನೆಯನ್ನು ಪ್ರಯೋಗಾಲಯದಲ್ಲಿ ಬದಲಿಸಿ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಿಗಳು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1996ರಲ್ಲಿ. ಮೂವತ್ತು ವರ್ಷ ಹಿಡಿಯಿತು. ಮರದ ಚೂರು ಕುದಿಸಿ ಕುಡಿದರೆ ಸಿಗುವುದು ಆ ಔಷಧಿಯಲ್ಲ, 1970ರ ದಶಕದಲ್ಲಿ ಬಿಸಾಕಿದ ವಿಷ.

ಗಿಡ ಹುಡುಕುವಾಗ ಕಾಯುವ ಇನ್ನೊಂದು ಅಪಾಯ

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ರೋಗ 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವರ ಪ್ರಾಣ ತೆಗೆಯಿತು. ಹರಡುವುದು ಉಣುಗುಗಳಿಂದ. ಮರಿ ಉಣುಗು ಹೆಚ್ಚಿರುವುದು ಮಳೆ ಮುಗಿದ ಮೇಲಿಂದ ಬೇಸಿಗೆಯವರೆಗೆ, ಅಂದರೆ ಸರಿಯಾಗಿ ಚಾರಣದ ಕಾಲದಲ್ಲಿ. ದಾರಿಯಲ್ಲಿ ನಡೆದು ಹೋಗುವವರಿಗಿಂತ ಪೊದೆಯೊಳಗೆ ನುಗ್ಗಿ, ದರಗಿನ ಮೇಲೆ ಕೂತು ಬೇರು ಅಗೆಯುವವರಿಗೆ ಅಪಾಯ ಹೆಚ್ಚು. ಬೆಟ್ಟದಿಂದ ಬಂದ ಒಂದು ವಾರದ ಆಚೀಚೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ಇದನ್ನು ತಡೆಯುವ, ವಾಸಿ ಮಾಡುವ ಸೊಪ್ಪು ಯಾವುದೂ ಇಲ್ಲ.

ಕಾನೂನಿನ ಮಾತೂ ಇದೆ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮದ ಕಾಡಿನ ನಡುವೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮಿನ ಪ್ರಕಾರ ಧಾಮದೊಳಗಿಂದ ಅನುಮತಿಯಿಲ್ಲದೆ ಗಿಡ, ಬೇರು, ತೊಗಟೆ ತರುವಂತಿಲ್ಲ.

ಫೋನಿನಿಂದ ಸರಿಯಾಗಿ ಗುರುತಿಸುವುದು ಹೇಗೆ?

ಗಿಡದ ಹೆಸರು ತಿಳಿಯುವ ಆಸೆ ಒಳ್ಳೆಯದೇ, ಫೋನು ಅದಕ್ಕೆ ಸಹಾಯವನ್ನೂ ಮಾಡುತ್ತದೆ. ಒಂದೇ ಚೆಂದದ ಫೋಟೊ ತೆಗೆಯುವ ಬದಲು ಆರೇಳು ತೆಗೆಯಿರಿ: ಇಡೀ ಗಿಡ ನಿಂತ ಜಾಗದೊಂದಿಗೆ, ಎಲೆಗಳು ಕಾಂಡಕ್ಕೆ ಕೂತ ಬಗೆ, ಎಲೆಯ ಮೇಲ್ಮೈ, ಎಲೆಯ ಅಡಿ, ಹೂವು ಎದುರಿನಿಂದ ಮತ್ತು ಬದಿಯಿಂದ, ಕಾಯಿ, ತೊಗಟೆ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಪೆನ್ನು ಇಡಿ. ತಾರೀಕು, ಜಾಗ, ಎತ್ತರ ಬರೆದುಕೊಳ್ಳಿ. ಗೂಗಲ್ ಲೆನ್ಸ್‌ನಂಥ ಆ್ಯಪ್ ಕೊಡುವ ಹೆಸರನ್ನು ಊಹೆ ಎಂದಷ್ಟೇ ತಿಳಿಯಿರಿ. ಅದು ಚಿತ್ರವನ್ನು ಚಿತ್ರದೊಂದಿಗೆ ಹೋಲಿಸುತ್ತದೆ, ಹಾಲು, ವಾಸನೆ ಅದಕ್ಕೆ ಗೊತ್ತಾಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಕರ್ನಾಟಕ ಸಸ್ಯಸಂಪತ್ತಿನ ಡಿಜಿಟಲ್ ಕೋಶ, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಕಡೆ ಅದೇ ಹೆಸರು ಹಾಕಿ ನಿಮ್ಮ ಫೋಟೊಗಳೊಂದಿಗೆ ತಾಳೆ ನೋಡಿ. ಪೋರ್ಟಲ್‌ಗೆ ಫೋಟೊ ಏರಿಸಿದರೆ ಸಸ್ಯ ಬಲ್ಲವರೇ ಗುರುತಿಸಿ ಹೇಳುವುದೂ ಉಂಟು.

ಹೀಗೆ ಸಿಕ್ಕ ಹೆಸರು ತಿಳಿವಳಿಕೆಗೆ, ತಿನ್ನುವುದಕ್ಕಲ್ಲ. ತಿನ್ನಬೇಕೆಂದಿದ್ದರೆ ಆ ಸೊಪ್ಪನ್ನು ವರ್ಷವರ್ಷವೂ ಕುಯ್ದು ಅಡುಗೆ ಮಾಡುವ ಊರಿನವರ ಮನೆಯಲ್ಲಿ ಒಂದೆಲಗದ್ದೋ ನೆಕ್ಕರೆ ಕುಡಿಯದ್ದೋ ತಂಬುಳಿ ಉಣ್ಣಿ. ರುಚಿಯೂ ಹೆಚ್ಚು.

ಯಾರಾದರೂ ಗುರುತಿಲ್ಲದ ಗಿಡ, ಗೆಡ್ಡೆ ತಿಂದೇಬಿಟ್ಟಿದ್ದರೆ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪುನೀರು ಕುಡಿಸಬೇಡಿ, ಲಕ್ಷಣ ಕಾಣಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಬೆಟ್ಟದಲ್ಲಿ ಸಿಗ್ನಲ್ ಸಿಗದಿದ್ದರೆ ಜೀಪಿನವರ ಸಹಾಯ ಪಡೆದು ಹತ್ತಿರದ ಆಸ್ಪತ್ರೆಗೆ ಇಳಿಸಿ. ತಿಂದು ಉಳಿದ ಚೂರು, ಅದೇ ಗಿಡದ ಎಲೆ, ಹೂವು, ಬೇರನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ, ಎಷ್ಟು ಹೊತ್ತಿಗೆ, ಎಷ್ಟು ತಿಂದರು ಎಂದು ಬರೆದುಕೊಳ್ಳಿ. ಆ ಫಾರ್ವರ್ಡ್ ಸಂದೇಶವನ್ನೂ ಅಳಿಸದೆ ವೈದ್ಯರಿಗೆ ತೋರಿಸಿ, ಯಾವ ಗಿಡವೆಂದು ಭಾವಿಸಿ ತಿಂದಿರಬಹುದು ಎಂದು ಅದರಿಂದ ಅವರಿಗೆ ಗೊತ್ತಾಗುತ್ತದೆ.